ಒಂದು ಹನಿಯೂ ಮುಟ್ಟದವನಿಗೆ ಫ್ಯಾಟಿ ಲಿವರ್ ಬರುವುದು ಹೇಗೆ?

ಗಿರಣಿ ಗುಮಾಸ್ತ, ಗಂಗಾವತಿ

ನನಗೆ 46 ವರ್ಷ. ಇಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಕಳೆದ ತಿಂಗಳು ಹೊಟ್ಟೆನೋವೆಂದು ಸ್ಕ್ಯಾನ್ ಮಾಡಿಸಿದೆ. ನೋವು ಹಿಂದಿನ ರಾತ್ರಿಯ ಮಿರ್ಚಿಯದ್ದು, ಮರುದಿನ ತಾನಾಗಿಯೇ ಹೋಯಿತು. ಆದರೆ ವರದಿಯ ಕೊನೆಯಲ್ಲಿ ‘ಗ್ರೇಡ್ 2 ಫ್ಯಾಟಿ ಲಿವರ್’ ಎಂಬ ಸಾಲು ಉಳಿಯಿತು. ವೈದ್ಯರು ‘ತೂಕ ಇಳಿಸಿ’ ಎಂದವರೇ ಮುಂದಿನವರನ್ನು ಕರೆದರು.

ಮದುವೆಯಾಗಿ 19 ವರ್ಷ, ಅದಕ್ಕೂ ಮೊದಲು ಸಹ, ನಾನು ಒಂದು ಹನಿ ಮುಟ್ಟಿದವನಲ್ಲ. ಹೆಂಡತಿ ಏನೂ ಕೇಳಲಿಲ್ಲ. ವರದಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು, ಅಷ್ಟೇ ಸಾಕಾಯಿತು. ಮಾವನವರಿಗೆ ಅಷ್ಟು ತಾಳ್ಮೆ ಇಲ್ಲ. ‘ಸೀಸನ್ ಮುಗಿದ ಮೇಲೆ ಗಿರಣಿಯವರು ಪಾರ್ಟಿ ಕೊಡುತ್ತಾರಂತಲ್ಲ?’ ಎಂದು ಕೇಳಿಯೇಬಿಟ್ಟರು.

ತೂಕ 84 ಕಿಲೋ, ಎತ್ತರ 168 ಸೆಂ.ಮೀ. ಎಸ್‌ಜಿಪಿಟಿ 64, ಎಸ್‌ಜಿಒಟಿ 44 (ಎರಡೂ ಲಿವರಿನ ಕಿಣ್ವಗಳಂತೆ), ಬಿಲಿರುಬಿನ್ 0.8, ಪ್ಲೇಟ್‌ಲೆಟ್ 2.4 ಲಕ್ಷ, ರಕ್ತದಲ್ಲಿನ ಕೊಬ್ಬು ಟ್ರೈಗ್ಲಿಸರೈಡ್ 260. ಬೆಳಿಗ್ಗೆ ಮಂಡಾಳು ಒಗ್ಗರಣೆ, ಆಮೇಲೆ ಎರಡು ಹೊತ್ತೂ ಸೋನಾ ಮಸೂರಿ ಅನ್ನ. ಗಿರಣಿಯ ದರಕ್ಕೆ ಸಿಗುವಾಗ ಬೇರೆ ಯಾಕೆ ಎಂಬ ಲೆಕ್ಕ.

ಭಾಮೈದ ಸಿಂಧನೂರಿನ ಆಚೆ ಒಂದು ಹಳ್ಳಿಗೆ ಕರೆಯುತ್ತಿದ್ದಾನೆ. ಭಾನುವಾರ ಬರಿಹೊಟ್ಟೆಯಲ್ಲಿ ಹೋದರೆ ಎಲೆ ಅರೆದು ಹಾಲಿನಲ್ಲಿ ಕೊಡುತ್ತಾರಂತೆ, ಮೂರು ವಾರದಲ್ಲಿ ಲಿವರ್ ಹೊಸದಾಗುತ್ತದಂತೆ. ಹೋಗಲೇ?

ಲ್ಯಾಬ್ ಅಕ್ಕ, ರಾಯಚೂರು

ಅಣ್ಣ, ನಾನು ವೈದ್ಯೆಯಲ್ಲ. 22 ವರ್ಷಗಳಿಂದ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವಳು. ತಿಳಿದಷ್ಟು ಹೇಳುತ್ತೇನೆ.

ರಕ್ತದ ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿದ ಮೇಲೆ ಕೆಂಪೆಲ್ಲ ಕೆಳಗಿಳಿದು ಮೇಲೆ ಸೀರಂ ತಿಳಿಯಾಗಿ ನಿಲ್ಲುತ್ತದೆ. ಸಾಮಾನ್ಯವಾಗಿ ಅದು ಒಣಹುಲ್ಲಿನ ಬಣ್ಣ. ಕಾಮಾಲೆಯವರದ್ದು ಅರಿಶಿನ ಕದಡಿದಂತೆ. ಟ್ರೈಗ್ಲಿಸರೈಡ್ ವಿಪರೀತ ಏರಿದವರದ್ದು ಮಜ್ಜಿಗೆಯ ನೀರಿನ ಹಾಗೆ ಬೆಳ್ಳಗೆ, ಆಚೆ ಬದಿಯ ಬೆರಳು ಕಾಣುವುದಿಲ್ಲ. ಆ ಬಿಳಿ ಟ್ಯೂಬುಗಳ ಮೇಲಿನ ಹೆಸರು ನೋಡಿದರೆ ಎಷ್ಟೋ ಜನ ಶುದ್ಧ ಸಸ್ಯಾಹಾರಿಗಳು, ಕುಡಿತದ ಗಂಧವೂ ಇಲ್ಲದವರು. ಹಾಗಾಗಿ ನಿಮ್ಮ ಮಾತನ್ನು ನಾನು ನಂಬುತ್ತೇನೆ.

ಲಿವರ್ ಎಂದರೆ ಬಲಗಡೆ ಪಕ್ಕೆಲುಬಿನ ಕೆಳಗೆ ಒಂದೂವರೆ ಕಿಲೋ ತೂಗುವ ಎಪಿಎಂಸಿ ಎಂದುಕೊಳ್ಳಿ. ಕರುಳು ಹೀರಿಕೊಂಡದ್ದರಲ್ಲಿ ಹೆಚ್ಚಿನ ಪಾಲು ಮೊದಲು ಅದರ ಗೇಟಿಗೇ ಬರಬೇಕು. ಅದಕ್ಕೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ರಕ್ತನಾಳದ್ದೇ. ಅನ್ನ ಸಕ್ಕರೆಯಾಗಿ ಬಂದಾಗ ಲಿವರ್ ಸುಮಾರು ನೂರು ಗ್ರಾಂನಷ್ಟನ್ನು ಗ್ಲೈಕೋಜನ್ ರೂಪದಲ್ಲಿ ದಾಸ್ತಾನು ಇಟ್ಟುಕೊಂಡು, ರಾತ್ರಿ ನೀವು ಮಲಗಿದಾಗ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಗೋದಾಮು ಅಷ್ಟೇ ದೊಡ್ಡದು. ಅದು ತುಂಬಿದ ಮೇಲೂ ಆವಕ ನಿಲ್ಲದಿದ್ದರೆ ಉಳಿದದ್ದನ್ನು ಕೊಬ್ಬಾಗಿ ಮಾಡಿ ರಕ್ತಕ್ಕೆ ಸಾಗಿಸುತ್ತದೆ. ನಿಮ್ಮ ಟ್ರೈಗ್ಲಿಸರೈಡ್ 260 ಅದೇ ಸರಕು. ಜೊತೆಗೆ ಹೊಟ್ಟೆ ಬಂದವರಲ್ಲಿ ಇನ್ಸುಲಿನ್ ಮಾತನ್ನು ದೇಹ ಕೇಳುವುದಿಲ್ಲ. ಆಗ ಹೊಟ್ಟೆಯ ಕೊಬ್ಬು ಕೂಡ ಕರಗಿ ಲಿವರಿಗೇ ಬಂದು ಬೀಳುತ್ತದೆ. ಲಾರಿ ಸಿಗದಿದ್ದರೆ ಚೀಲಗಳನ್ನು ವರಾಂಡದಲ್ಲಿ ಒಟ್ಟುವುದಿಲ್ಲವೇ? ಸ್ಕ್ಯಾನಿನಲ್ಲಿ ಕಂಡದ್ದು ಆ ಚೀಲಗಳು.

ಹೆಂಡದಿಂದಲೂ ಇದೇ ಚಿತ್ರ ಬರುತ್ತದೆ, ಅದಕ್ಕೇ ಮನೆಯವರಿಗೆ ಅನುಮಾನ. 2023ರಲ್ಲಿ ತಜ್ಞರು ಈ ಕಾಯಿಲೆಯ ಹೆಸರನ್ನೇ ಬದಲಿಸಿದರು. ‘ಕುಡಿತದಿಂದ ಬಾರದ ಫ್ಯಾಟಿ ಲಿವರ್’ ಎನ್ನುತ್ತಿದ್ದುದು ಈಗ ‘ಚಯಾಪಚಯದ ಏರುಪೇರಿನ ಫ್ಯಾಟಿ ಲಿವರ್’. ಮಾವನವರಿಗೆ ಇದನ್ನು ಗಟ್ಟಿಯಾಗಿ ಓದಿ ಹೇಳಿ.

ಗ್ರೇಡ್ 2 ಎಂದು ಗಾಬರಿ ಬೇಡ. ಅದು ಕೊಬ್ಬಿನ ಅಂದಾಜು ಮಾತ್ರ. ಕೊಬ್ಬು ಉರಿಯೂತವಾಗಿ, ಉರಿಯೂತ ಗಾಯದ ಕಲೆಯಾಗಿ, ಕಲೆ ಗಟ್ಟಿಯಾಗಿ ಸಿರೋಸಿಸ್ ಆಗುವುದು ಭಯಪಡಬೇಕಾದ ದಾರಿ. ಎಲ್ಲರೂ ಆ ದಾರಿ ಹಿಡಿಯುವುದಿಲ್ಲ, ಹಿಡಿದವರಿಗೆ ಬಹಳ ಕಾಲ ಗೊತ್ತೂ ಆಗುವುದಿಲ್ಲ. ನೋವು ತಿಳಿಯುವುದು ಲಿವರಿನ ಹೊರಪೊರೆಗೆ, ಒಳಗಿನ ಮಾಂಸಕ್ಕಲ್ಲ. ಕಲೆ ಬಿದ್ದಿರಬಹುದೇ ಎಂದು ಅಂದಾಜಿಸಲು ‘ಫಿಬ್-4’ ಎಂಬ ಸರಳ ಲೆಕ್ಕವಿದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಅದನ್ನು ಪ್ಲೇಟ್‌ಲೆಟ್ (ಸಾವಿರಗಳಲ್ಲಿ) ಮತ್ತು ಎಸ್‌ಜಿಪಿಟಿಯ ವರ್ಗಮೂಲ, ಇವುಗಳ ಗುಣಲಬ್ಧದಿಂದ ಭಾಗಿಸಿ. 1.3ಕ್ಕಿಂತ ಕಡಿಮೆ ಬಂದರೆ ದೊಡ್ಡ ಕಲೆ ಇರುವ ಸಂಭವ ಕಡಿಮೆ. 2.67 ದಾಟಿದರೆ ತಜ್ಞರ ಬಳಿ ಹೋಗಲೇಬೇಕು. ನಡುವೆ ಬಂದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸುತ್ತಾರೆ. ಲೆಕ್ಕದವರು ನೀವು, ನೀವೇ ಮಾಡಿ ನೋಡಿ.

ಎಲೆ ಔಷಧಿ ಕೊಡುವುದು ಕಾಮಾಲೆಗೆ. ಕಾಮಾಲೆಯಲ್ಲಿ ಏರುವ ಹಳದಿ ಬಣ್ಣವೇ ಬಿಲಿರುಬಿನ್, ನಿಮ್ಮದು 0.8, ಸಹಜವಾಗಿಯೇ ಇದೆ. ಇಲ್ಲದ ಕಾಯಿಲೆಗೆ ಸಿಂಧನೂರು ದಾಟಿ ಯಾಕೆ ಹೋಗುತ್ತೀರಿ?

ಕಾಲುವೆ ಕೆಳಗಿನ ರೈತ, ಸಿಂಧನೂರು

ಅಕ್ಕಾವರೇ, ಎಲೆ ಔಷಧಿಯನ್ನು ಅಷ್ಟು ಹಗುರ ಮಾಡಬೇಡಿ. ನನ್ನ ಮಗನಿಗೆ ಕಣ್ಣು, ಉಗುರು ಎಲ್ಲ ಹಳದಿಯಾಗಿತ್ತು, ಮೂತ್ರ ಚಹಾದ ಡಿಕಾಕ್ಷನ್ ಹಾಗೆ. ಮೂರು ಭಾನುವಾರ ಕುಡಿಸಿದೆವು, ಪಥ್ಯ ಮಾಡಿಸಿದೆವು, ಪೂರ್ತಿ ವಾಸಿಯಾಯಿತು. ದುಡ್ಡೂ ಕೇಳಲಿಲ್ಲ, ಒಂದು ತೆಂಗಿನಕಾಯಿ ಅಷ್ಟೇ.

ಲ್ಯಾಬ್ ಅಕ್ಕ, ರಾಯಚೂರು

ಮಗ ಚೆನ್ನಾಗಿದ್ದಾನಲ್ಲ, ಸಂತೋಷ. ಆದರೆ ಅವನಿಗೆ ಬಂದದ್ದು ಯಾವ ವೈರಸ್ ಎಂದು ಪರೀಕ್ಷೆ ಮಾಡಿಸಿದ್ದಿರಾ? ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಹೋಗುತ್ತವೆ. ಆ ಹೊತ್ತಿಗೆ ಯಾರು ಏನು ಕುಡಿಸುತ್ತಿರುತ್ತಾರೋ ಹೆಸರು ಅವರಿಗೆ. (ಗರ್ಭಿಣಿಯರಿಗೆ ಮಾತ್ರ ಇ ಪ್ರಾಣಕ್ಕೇ ಬರಬಹುದು, ಅವರನ್ನು ಒಂದು ದಿನವೂ ಮನೆಯಲ್ಲಿ ಇಟ್ಟುಕೊಳ್ಳಬಾರದು.)

ನನಗೆ ಸಿಟ್ಟು ಬರುವುದು ಬಿ ಮತ್ತು ಸಿ ವಿಷಯದಲ್ಲಿ. ಅವು ರಕ್ತದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರುವಂಥವು. ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುತ್ತವೆ. ನಮ್ಮಲ್ಲಿಗೆ ಬಂದ ಒಬ್ಬರು ಎರಡು ವರ್ಷದಲ್ಲಿ ಮೂರು ಸಲ ಎಲೆ ಕುಡಿದಿದ್ದರು. ಹೊಟ್ಟೆಯಲ್ಲಿ ನೀರು ತುಂಬಿ ಪಂಚೆ ಕಟ್ಟಲಾಗದ ಸ್ಥಿತಿಯಲ್ಲಿ ಮೊದಲ ಬಾರಿಗೆ ಹೆಪಟೈಟಿಸ್ ಬಿ ಪರೀಕ್ಷೆ ಆಯಿತು. ಬೆರಳಿನಷ್ಟು ಉದ್ದದ ಪಟ್ಟಿ, ಎರಡು ಗೆರೆ ಮೂಡಿತು, ಅಂದರೆ ಸೋಂಕು ಇದೆ. ಸಿ ಈಗ ಹೆಚ್ಚಿನವರಿಗೆ 12 ವಾರದ ಮಾತ್ರೆಗಳಿಂದ ಪೂರ್ತಿ ಗುಣವಾಗುವ ಕಾಯಿಲೆ. ಬಿ ಹೋಗದಿದ್ದರೂ ಮಾತ್ರೆಯಿಂದ ಹದ್ದುಬಸ್ತಿನಲ್ಲಿರುತ್ತದೆ. 2018ರಿಂದ ಕೇಂದ್ರದ ಕಾರ್ಯಕ್ರಮದಲ್ಲಿ ಎರಡಕ್ಕೂ ಉಚಿತ ಚಿಕಿತ್ಸೆ ಇದೆ. ಎಲೆ ಕುಡಿಯುವ ಮೊದಲು ಆ ಎರಡು ಗೆರೆಯ ಪರೀಕ್ಷೆಯನ್ನಾದರೂ ಮಾಡಿಸಿ ಎನ್ನುತ್ತೇನೆ, ಅಷ್ಟೇ. ಯಾವ ಎಲೆ ಎಂದು ಕೊಡುವವರು ಹೇಳುವುದಿಲ್ಲ, ಅದನ್ನು ಅರಗಿಸಬೇಕಾದದ್ದು ಕಾಯಿಲೆ ಬಿದ್ದ ಅದೇ ಲಿವರ್.

ಮಟನ್ ಅಂಗಡಿ, ಸಿರುಗುಪ್ಪ

ಔಷಧಿ ವಿಷಯ ನನಗೆ ತಿಳಿಯದು, ಕಲೇಜಿ (ಕುರಿಯ ಲಿವರ್) ವಿಷಯ ತಿಳಿದಿದೆ. ಒಳ್ಳೆಯ ಕಲೇಜಿ ಕಡುಗೆಂಪು, ಅಂಚು ಚೂಪು, ಹಲಗೆಯ ಮೇಲೆ ಹಾಕಿದರೆ ಹೊಳೆಯುತ್ತದೆ. ಅಪರೂಪಕ್ಕೆ ಕಟ್ಟಿ ಕೊಬ್ಬಿಸಿದ ಕುರಿಯದ್ದು ಹಳದಿ ತಿರುಗಿ ಅಂಚು ದುಂಡಗಾಗಿರುತ್ತದೆ, ಚೂರಿಗೆ ಜಿಡ್ಡು ಅಂಟುತ್ತದೆ. ಗುಮಾಸ್ತರೇ, ಆ ಕುರಿಯೂ ಕುಡಿದಿರುವುದಿಲ್ಲ.

ಕಾಲುವೆ ಬದಿ, ಗದ್ದೆ ಬದಿ ಮೇದ ಕುರಿಗಳ ಕಲೇಜಿಯಲ್ಲಿ ಎಲೆಯಾಕಾರದ ಚಪ್ಪಟೆ ಹುಳು ಸಿಗುತ್ತದೆ. ನೀರಿನ ಬಸವನಹುಳುವಿನಿಂದ ಬರುತ್ತದೆ ಎಂದು ಪಶುವೈದ್ಯರು ಹೇಳಿದ್ದರು. ಅಂಥದ್ದನ್ನು ನಾನು ಮಾರುವುದಿಲ್ಲ.

ಗಿರಣಿ ಗುಮಾಸ್ತ, ಗಂಗಾವತಿ

ಲೆಕ್ಕ ಮಾಡಿದೆ. 46 ಗುಣಿಸು 44, 2024. ಅರವತ್ನಾಲ್ಕರ ವರ್ಗಮೂಲ 8, ಅದು 240ಕ್ಕೆ 1920. ಉತ್ತರ 1.05. ಎರಡು ಸಲ ತಾಳೆ ನೋಡಿದ್ದೇನೆ. ಭಾಮೈದನಿಗೆ ‘ಕಾಮಾಲೆ ಬಂದಾಗ ನೋಡೋಣ’ ಎಂದು ಹೇಳಿ ಮುಗಿಸಿದೆ. ಇನ್ನು ಅನ್ನ ಬಿಟ್ಟು ಜೋಳದ ರೊಟ್ಟಿ ತಿಂದರೆ ಆಯಿತಲ್ಲ?

ಲ್ಯಾಬ್ ಅಕ್ಕ, ರಾಯಚೂರು

ಜೋಳದ್ದೂ ಹಿಟ್ಟೇ ಅಣ್ಣ. ಎರಡು ರೊಟ್ಟಿ, ತಟ್ಟೆ ತುಂಬ ಪುಂಡಿ ಪಲ್ಯ, ಕಾಳು ಎಂದರೆ ಸರಿ. ಐದು ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಎಣ್ಣೆ ಎಂದರೆ ಅದೇ ಗೋದಾಮು, ಅದೇ ಲಾರಿ. 84ರಲ್ಲಿ ನಾಲ್ಕು ಕಿಲೋ ಇಳಿದರೂ ಲಿವರಿನ ಕೊಬ್ಬು ಕರಗತೊಡಗುತ್ತದೆ. ಎಂಟು ಇಳಿದರೆ ಸಣ್ಣ ಕಲೆಗಳೂ ಮಾಗಬಹುದು. ಒಂದೇ ತಿಂಗಳಲ್ಲಿ ಇಳಿಸಲು ಹೋಗಬೇಡಿ. ಅಂದಹಾಗೆ ಚಹಾ ಎಷ್ಟು? ಪಟ್ಟಿಯಲ್ಲಿ ಬರೆಯಲೇ ಇಲ್ಲ. ಸಕ್ಕರೆಯಲ್ಲಿ ಅರ್ಧ ಭಾಗ ಫ್ರಕ್ಟೋಸ್, ಅದರ ಬಹುಪಾಲು ನೇರ ಲಿವರಿನ ತಲೆಗೇ ಬೀಳುವುದು.

ಗಿರಣಿ ಗುಮಾಸ್ತ, ಗಂಗಾವತಿ

ದಿನಕ್ಕೆ ಏಳು, ಒಂದಕ್ಕೆ ಎರಡು ಚಮಚ. ಚಮಚಕ್ಕೆ ಐದು ಗ್ರಾಂ ಹಿಡಿದರೆ ದಿನಕ್ಕೆ 70, ಕೆಲಸದ 26 ದಿನಕ್ಕೆ ಒಂದು ಕಿಲೋ 820 ಗ್ರಾಂ. ಊರಿನ ಲೆಕ್ಕವೆಲ್ಲ ಬರೆಯುವವನಿಗೆ ಇದು ಕಂಡಿರಲಿಲ್ಲ.

ಇವತ್ತು ಚಹಾದ ಹುಡುಗನಿಗೆ ಸಕ್ಕರೆ ಇಲ್ಲದ್ದು ತಾ ಎಂದೆ. ‘ಯಾಕೆ ಸರ್, ಶುಗರ್ ಬಂತೇ?’ ಎಂದ. ‘ಇಲ್ಲಪ್ಪಾ, ಲಿವರ್’ ಎಂದೆ. ಅವನೂ ನನ್ನ ಹೆಂಡತಿ ನೋಡಿದ ಹಾಗೆಯೇ ನೋಡಿದ.