ಚೆಸ್: ಕಾರ್ಲ್‌ಸನ್ – ಸ್ಟಾಕ್‌ಫಿಶ್ 10 ಆಟ ಆಡಿದರೆ ಒಂದಾದರೂ ಡ್ರಾ ಆಗುತ್ತಾ?

ಕುದುರೆಸವಾರ:
ಒಂದು ಕಡೆ ಚೆಸ್ ದಿಗ್ಗಜ ಮ್ಯಾಗ್ನಸ್ ಕಾರ್ಲ್‌ಸನ್, ಇನ್ನೊಂದು ಕಡೆ ಸ್ಟಾಕ್‌ಫಿಶ್ ಎಂಜಿನ್ (ಚೆಸ್ ಆಡುವ ಪ್ರೋಗ್ರಾಂ). ಕ್ಲಾಸಿಕಲ್ ಸಮಯ (ಗಂಟೆಗಟ್ಟಲೆಯ ಆಟ), ಎಂಜಿನ್ ಒಳ್ಳೇ ಕಂಪ್ಯೂಟರಿನಲ್ಲಿ, ಆಟಗಾರನಿಗೆ ಬೇಕಾದಷ್ಟು ತಯಾರಿ. ಗೆಲುವಿನ ಮಾತು ಬೇಡ. ಡ್ರಾ ಸಾಕು ಅಂತಲೇ ಕೂತರೆ ಎಷ್ಟು ಸಿಗಬಹುದು? ಪಾನ್ (ಕಾಲಾಳು) ಎದುರುಬದುರು ಸಿಕ್ಕಿಸಿ ಬೋರ್ಡ್ ಪೂರ್ತಿ ಮುಚ್ಚಿಬಿಟ್ಟರೆ ಎಂಜಿನ್‌ಗೆ ದಾರಿ ಕಾಣಲ್ಲ ಅನ್ನೋ ಉಪಾಯ ಈಗಲೂ ನಡೆಯುತ್ತಾ?

ಎಂಡ್‌ಗೇಮ್_ಪ್ರಿಯ:
ಮೊದಲು ಲೆಕ್ಕ. ಕಾರ್ಲ್‌ಸನ್ ಮುಟ್ಟಿದ ಅತಿ ಹೆಚ್ಚಿನ ರೇಟಿಂಗ್ 2882 (2014). ಎಂಜಿನ್ ಪಟ್ಟಿಗಳಲ್ಲಿ ಸ್ಟಾಕ್‌ಫಿಶ್ 3600ರ ಆಸುಪಾಸು. ಅಂತರ 700 ಅಂತ ಹಿಡಿದರೂ ಇಲೋ ಸೂತ್ರದಂತೆ (ರೇಟಿಂಗ್ ಅಂತರದಿಂದ ಅಂಕ ಅಂದಾಜಿಸುವ ಸೂತ್ರ) 100 ಆಟಕ್ಕೆ ಬರೋದು 1.75 ಅಂಕ, ಡ್ರಾಗೆ ಅರ್ಧ ಅಂಕದಂತೆ ಮೂರ್ನಾಲ್ಕು ಡ್ರಾ. 10 ಆಟದಲ್ಲಿ ಒಂದಾದರೂ ಡ್ರಾ ಸಿಗುವ ಸಾಧ್ಯತೆ ಶೇ 30ರಷ್ಟು. ಆದರೆ ಇವೆರಡೂ ಒಂದೇ ತಕ್ಕಡಿಯಲ್ಲಿ ತೂಗಿದ ಅಂಕಗಳಲ್ಲ. ಎಂಜಿನ್‌ಗಳ ರೇಟಿಂಗ್ ಎಂಜಿನ್‌ಗಳ ಜೊತೆಗೇ ಆಡಿ ಬಂದದ್ದು. ಬಿಳಿ ಕಾಯಿಯಲ್ಲಿ ಡ್ರಾಗೆಂದೇ ಆಡಿದರೆ ಐದರಲ್ಲಿ ಒಂದೋ ಎರಡೋ ಸಿಕ್ಕೀತು ಅಂತ ನನ್ನ ಅಂದಾಜು. ಕಪ್ಪಿನಲ್ಲಿ ಸೊನ್ನೆ ಅಂತಲೇ ಇಟ್ಟುಕೊಳ್ಳಿ.

ಮುಚ್ಚಿದ ಬೋರ್ಡಿನ ಉಪಾಯ ಹಳೇದಾಯ್ತು. 2003ರಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಎಕ್ಸ್‌3ಡಿ ಫ್ರಿಟ್ಜ್ ಎಂಜಿನ್ ಮೇಲೆ ಮೂರನೇ ಆಟ ಗೆದ್ದದ್ದು ಹಾಗೆಯೇ: ಪಾನ್‌ಗಳು ಒಂದಕ್ಕೊಂದು ಕಚ್ಚಿಕೊಂಡವು, ಎಂಜಿನ್ ಏನು ಮಾಡಬೇಕೋ ತಿಳಿಯದೆ ಕಾಯಿಗಳನ್ನು ಹಿಂದೆ ಮುಂದೆ ಆಡಿಸುತ್ತಾ ಕೂತಿತು. 2008ರ ಬ್ಲಿಟ್ಜ್ (ಕೆಲವೇ ನಿಮಿಷದ) ಆಟದಲ್ಲಿ ಗ್ರ್ಯಾಂಡ್‌ಮಾಸ್ಟರ್ ನಕಾಮುರ 271 ನಡೆಗಳಲ್ಲಿ ರಿಬ್ಕಾ ಎಂಜಿನ್ನನ್ನು ಸೋಲಿಸಿದರು. ತಾನೇ ಮುಂದಿದ್ದೇನೆ ಅಂತ ರಿಬ್ಕಾದ ಎಣಿಕೆ. 50 ನಡೆ ನಿಯಮದ (ಕಾಯಿ ಹೊಡೆಯದೆ, ಪಾನ್ ನಡೆಸದೆ 50 ನಡೆ ಕಳೆದರೆ) ಡ್ರಾ ತಪ್ಪಿಸಲು ಹೋಗಿ ತನ್ನ ಸ್ಥಾನವನ್ನೇ ಕೆಡಿಸಿಕೊಂಡಿತು. ಸ್ಟಾಕ್‌ಫಿಶ್ 12ರಲ್ಲಿ (2020) ನ್ಯೂರಲ್ ನೆಟ್‌ವರ್ಕ್ ಬಂದ ಮೇಲೆ ಅಂಥ ಸ್ಥಾನಗಳ ಅಂದಾಜು ತುಂಬಾ ಸುಧಾರಿಸಿದೆ. ಮುಚ್ಚಿದ ಬೋರ್ಡ್ ತೆರೆಯುವ ಪಾನ್ ನಡೆ (ಪಾನ್ ಬ್ರೇಕ್) ಒಂದನ್ನು ಕೈಯಲ್ಲಿ ಇಟ್ಟುಕೊಂಡೇ ಆಡುತ್ತೆ.

ಕಪ್ಪು_ಬಿಳಿ:
ಒಪ್ಪುತ್ತೇನೆ. ಮುಚ್ಚುವುದಕ್ಕಿಂತ ಕಾಯಿ ಬದಲಿಸಿಕೊಂಡು ಬೋರ್ಡ್ ಖಾಲಿ ಮಾಡುವುದು ಮೇಲು. ಫ್ರೆಂಚ್ ಎಕ್ಸ್‌ಚೇಂಜ್, ಪೆಟ್ರೋಫ್‌ನಂಥ ಆರಂಭಗಳಲ್ಲಿ ಸಮಾನ ಪಾನ್‌ಗಳ ಸಾಲುಗಳು. ರಾಣಿಗಳು ಬೇಗ ಹೋಗಬೇಕು. ಆದರೂ ಸೋಲು ಹೇಗೆ ಬರುತ್ತೆ ನೋಡಿ. ದೊಡ್ಡ ತಪ್ಪು ಯಾವುದೂ ಇರಲ್ಲ. ಎಂಜಿನ್ ತೋರಿಸುವ ಅದರ ಮುನ್ನಡೆಯ ಅಂಕ 18ನೇ ನಡೆಗೆ 0.2 ಇದ್ದದ್ದು 30ಕ್ಕೆ 0.6, 40ಕ್ಕೆ 1.1. ಯಾವ ನಡೆಯಲ್ಲಿ ಕೈತಪ್ಪಿತು ಅಂತ ಆಮೇಲೆ ಹುಡುಕಿದರೂ ಬೆರಳಿಟ್ಟು ತೋರಿಸೋದು ಕಷ್ಟ.

ದಣಿವಿನ ಮಾತು ಬೇರೆ. 2006ರಲ್ಲಿ ಬಾನ್‌ನಲ್ಲಿ ಡೀಪ್ ಫ್ರಿಟ್ಜ್ ಎಂಜಿನ್ ವಿರುದ್ಧ ಎರಡನೇ ಆಟದಲ್ಲಿ ಕಪ್ಪು ಕಾಯಿಯ ಕ್ರಾಮ್ನಿಕ್ ಚೆನ್ನಾಗಿಯೇ ನಿಂತಿದ್ದರು. 34ನೇ ನಡೆಯಲ್ಲಿ ರಾಣಿಯನ್ನು ಇ3ಕ್ಕೆ ಇಟ್ಟರು. ಎಫ್8ರಲ್ಲಿ ಕೂತಿದ್ದ ಎಂಜಿನ್ನಿನ ಕುದುರೆಯ ಬಲದಿಂದ ಬಿಳಿ ರಾಣಿ ಎಚ್7ಕ್ಕೆ ಬಂದು ಒಂದೇ ನಡೆಯಲ್ಲಿ ಮೇಟ್. ವಿಶ್ವ ಚಾಂಪಿಯನ್ ಅವರು! ಆ ಪಂದ್ಯ 4–2ರಿಂದ ಹೋಯಿತು.

ಕುದುರೆಸವಾರ:
ಹಾಗಾದರೆ ಎಂಜಿನ್ ಎಷ್ಟು ಕಾಯಿ ಬಿಟ್ಟುಕೊಟ್ಟರೆ ಆಟ ಸಮ ಆಗುತ್ತೆ?

ಪಾನ್_ಮುಂದೆ:
ಪಾನ್ ಒಂದು ಸಾಲದು. 2016ರಲ್ಲಿ ಕೊಮೊಡೊ ಎಂಜಿನ್ ಜೊತೆ ನಕಾಮುರ ಬೇರೆ ಬೇರೆ ರಿಯಾಯಿತಿಯ ನಾಲ್ಕು ಆಟ ಆಡಿದರು. ಮೂರು ಡ್ರಾ, ನಾಲ್ಕನೆಯದು ಸೋಲು.

ಕುದುರೆ ಬಿಟ್ಟರೆ ಕ್ಲಾಸಿಕಲ್‌ನಲ್ಲಿ ಕಾರ್ಲ್‌ಸನ್‌ನಂಥವರದೇ ಮೇಲುಗೈ. ಬ್ಲಿಟ್ಜ್‌ನಲ್ಲಿ ಅದೂ ಖಚಿತವಲ್ಲ. ಇಲ್ಲಿ ಎಂಜಿನ್ ಆಯ್ಕೆ ಮುಖ್ಯ. ಮಾಮೂಲಿ ಸ್ಟಾಕ್‌ಫಿಶ್ ಎದುರಾಳಿಯೂ ತನ್ನಷ್ಟೇ ಚೆನ್ನಾಗಿ ಆಡುತ್ತಾನೆ ಅಂತ ಎಣಿಸುತ್ತೆ. ಹಾಗಾಗಿ ಕಾಯಿ ಕಮ್ಮಿ ಇದ್ದರೂ ಕಾಯಿ ಬದಲಿಸಿಕೊಳ್ಳಲು ಹಿಂಜರಿಯಲ್ಲ, ಮನುಷ್ಯನಿಗೆ ಅದು ಸಲೀಸು. ಲೀಲಾ ಅನ್ನೋ ಇನ್ನೊಂದು ಎಂಜಿನ್‌ನಲ್ಲಿ ರಿಯಾಯಿತಿ ಆಟಕ್ಕೆಂದೇ ಕಲಿಸಿದ ನೆಟ್‌ವರ್ಕ್‌ಗಳಿವೆ. ಅವು ಬದಲಾವಣೆ ತಪ್ಪಿಸಿ, ಸ್ಥಾನವನ್ನು ಗೋಜಲು ಮಾಡಿ, ನೀವು ತಪ್ಪುವುದನ್ನೇ ಕಾಯುತ್ತವೆ.

ಮನೆಯಲ್ಲಿ ನೋಡಬೇಕಾದರೆ ಬೋರ್ಡ್ ಎಡಿಟರಿನಲ್ಲಿ ಬಿ1ರ ಕುದುರೆ ತೆಗೆದು ಬಿಳಿಯನ್ನು ಎಂಜಿನ್‌ಗೆ ಕೊಡಿ. ಸಮಯ 15 ನಿಮಿಷ, ನಡೆಗೆ 10 ಸೆಕೆಂಡ್ ಇರಲಿ. 3 ನಿಮಿಷದ ಆಟದಲ್ಲಿ ಕುದುರೆಯ ಲಾಭಕ್ಕಿಂತ ಗಡಿಯಾರದ ನಷ್ಟ ಹೆಚ್ಚು. ಸಿಕ್ಕಿದ ಪಾನ್ ತಿನ್ನಲು ಹೋಗಬೇಡಿ, ಮೊದಲು ಕ್ಯಾಸಲ್ ಮಾಡಿ (ರಾಜನನ್ನು ಆನೆಯ ಜೊತೆ ಬದಿಗೆ ಸೇರಿಸಿ), ರಾಣಿ ಬದಲಿಸುವ ಅವಕಾಶ ಬಂದರೆ ಒಂದು ಪಾನ್ ಕೊಟ್ಟಾದರೂ ಬದಲಿಸಿ.