ಅಪ್‌ಡೇಟ್: ಪಿಡಿಎಫ್, ಗೇಮ್‌ಬುಕ್‌ಗೆ ಕೊನೆಗೆ 10.3 ಇಂಚಿನ ಇ-ರೀಡರ್

ಎ4 ಪಿಡಿಎಫ್‌ಗಳಿಗೆ, "212ಕ್ಕೆ ಹೋಗಿ" ಅಂತ ಓದುಗರ ಆಯ್ಕೆಗೆ ತಕ್ಕಂತೆ ಬೇರೆ ಭಾಗಕ್ಕೆ ಕಳಿಸೋ ಗೇಮ್‌ಬುಕ್‌ಗಳಿಗೆ ಯಾವ ಇ-ರೀಡರ್ ಒಳ್ಳೇದು ಅಂತ ತುಮಕೂರಿಂದ ಕೇಳಿದ್ದೆನಲ್ಲ, 10.3 ಇಂಚಿನ ಕಪ್ಪು-ಬಿಳುಪಿನದು ತಗೊಂಡೆ.

"ಮೊದಲು ಪುಟದ ಅಳತೆ ನೋಡಿ" ಅಂದವರ ಮಾತೇ ಸರಿಹೋಯ್ತು. ಎ4 ಅಗಲ 210 ಮಿಮೀ, 6 ಇಂಚಿನ ಪರದೆಯದ್ದು ಸುಮಾರು 90. ಅದರಲ್ಲಿ 10 ಪಾಯಿಂಟ್ ಅಕ್ಷರ 4ಕ್ಕೆ ಇಳಿಯುತ್ತೆ, ಓದೋಕಾಗಲ್ಲ. 10.3ರಲ್ಲಿ 7 ಪಾಯಿಂಟ್ ಸಿಗುತ್ತೆ, ಅಂಚು ಕ್ರಾಪ್ ಮಾಡಿದರೆ ಇನ್ನೂ ದೊಡ್ಡದು. ಅಡ್ಡ ಹಿಡಿದರೆ ಅರ್ಧ ಪುಟ ಮೂಲ ಅಳತೆಯಲ್ಲೇ ಕಾಣುತ್ತೆ.

ಬಣ್ಣದ ಪರದೆ ಸಲಹೆ ಹೊಂದಲಿಲ್ಲ. ಕಲೀಡೋ 3 ಅನ್ನೋ ಬಣ್ಣದ ಇ-ಇಂಕ್ ಪರದೆಯಲ್ಲಿ ಬಣ್ಣ 150 ಪಿಪಿಐ (ಇಂಚಿಗೆ ಇಷ್ಟು ಚುಕ್ಕಿ) ಮಾತ್ರ, ಹಿನ್ನೆಲೆಯೂ ಮಬ್ಬು. ಬಣ್ಣದ ನಕ್ಷೆಗೆ ಫೋನೇ ಸಾಕು.

ಗೊತ್ತಿಲ್ಲದಿದ್ದ ಸಂಗತಿ: ಹಳೇ ನುಡಿ ಫಾಂಟಿನ ಕನ್ನಡ ಪಿಡಿಎಫ್ ಕಣ್ಣಿಗೆ ಸರಿಯಾಗೇ ಕಾಣುತ್ತೆ, ಆದರೆ ಒಳಗೆ ಯೂನಿಕೋಡ್ (ಎಲ್ಲ ಸಾಧನಗಳೂ ಬಳಸೋ ಅಕ್ಷರ ಸಂಕೇತ) ಇರಲ್ಲ. ಹಾಗಾಗಿ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗಲ್ಲ, ಇ-ಪಬ್‌ಗೆ (ಪರದೆಗೆ ತಕ್ಕಂತೆ ಸಾಲು ಹೊಂದಿಕೊಳ್ಳೋ ಇ-ಪುಸ್ತಕದ ಫೈಲ್) ಬದಲಿಸಿದರೆ ಬರೀ ಗೀಚು. ಕೋರೀಡರ್ ಅನ್ನೋ ಓದೋ ಆಪ್‌ನ ರಿಫ್ಲೋ ಸೌಲಭ್ಯ ಪುಟವನ್ನ ಚಿತ್ರದ ಥರ ಕತ್ತರಿಸಿ ಪರದೆಗೆ ಹೊಂದೋ ಹಾಗೆ ಜೋಡಿಸೋದರಿಂದ ಅಕ್ಷರ ಕೆಡಲ್ಲ. ಇದನ್ನ ಹೇಳಿದವರಿಗೆ ದೊಡ್ಡ ಥ್ಯಾಂಕ್ಸ್.

ಗೇಮ್‌ಬುಕ್ ಆದರೆ ಲಿಂಕ್ ಇರೋ ಇ-ಪಬ್ಬೇ ಹುಡುಕಿ. ಸ್ಕ್ಯಾನ್ ಪ್ರತಿಯಲ್ಲಿ ಲಿಂಕ್ ಇರಲ್ಲ, ಭಾಗದ ಸಂಖ್ಯೆಗೂ ಪುಟದ ಸಂಖ್ಯೆಗೂ ತಾಳೆ ಆಗಲ್ಲ. ನೆಗೆಯೋ ಮುಂಚೆ ಬುಕ್‌ಮಾರ್ಕ್ ಹಾಕ್ಕೊಳ್ಳಿ.