ಮದ್ದಿಗೆ ‘ಪ್ರತಿಕ್ರಿಯೆ’ಯೋ, ‘ಸ್ಪಂದನ’ವೋ, ಮದ್ದು ‘ನಾಟುವುದೋ’?

ಬಳಗದ ಎಲ್ಲರಿಗೂ ಶಿರಸಿಯಿಂದ ನಮಸ್ಕಾರ.

ಕ್ಯಾನ್ಸರ್ ಚಿಕಿತ್ಸೆಗೆಂದು ನಮ್ಮ ಜಿಲ್ಲೆಯಿಂದ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗಿಬರುವವರ ಮನೆಯವರಿಗಾಗಿ ಇಮ್ಯುನೊಥೆರಪಿಯ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಚಿಕಿತ್ಸೆಯ) ಬಗ್ಗೆ ಒಂದು ಕಿರುಹೊತ್ತಗೆಯನ್ನು ಬರೆಯುತ್ತಿದ್ದೇನೆ. ಕರುಳಿನ ಸೂಕ್ಷ್ಮಜೀವಿಗಳಿಗೂ ಈ ಚಿಕಿತ್ಸೆಗೂ ಇರುವ ನಂಟನ್ನು ವಿವರಿಸುವ ಭಾಗದಲ್ಲಿ ಒಂದು ಪದದ ಆಯ್ಕೆ ಇತ್ಯರ್ಥವಾಗದೆ ಉಳಿದಿದೆ. ಔಷಧದಿಂದ ಗಡ್ಡೆ ಕುಗ್ಗಿದರೆ ವೈದ್ಯರು ‘ರೆಸ್ಪಾನ್ಸ್ ಇದೆ’ ಎನ್ನುತ್ತಾರೆ. ಇದನ್ನು ‘ಪ್ರತಿಕ್ರಿಯೆ’ ಎಂದು ಬರೆಯುವ ರೂಢಿಯಿದೆ. ಪತ್ರಿಕೆಗಳು ‘ಚಿಕಿತ್ಸೆಗೆ ಸ್ಪಂದಿಸುತ್ತಿದ್ದಾರೆ’ ಎನ್ನುತ್ತವೆ.

‘ಪ್ರತಿಕ್ರಿಯೆ’ಯನ್ನು ಇಲ್ಲಿ ಬಳಸಲೇಬಾರದೆಂಬುದು ನನ್ನ ಅಭಿಪ್ರಾಯ. ‘ಇಂಜೆಕ್ಷನ್ ರಿಯಾಕ್ಷನ್ ಆಯಿತು’ ಎಂದರೆ ನಮ್ಮ ಜನಕ್ಕೆ ಮೈಮೇಲೆ ದದ್ದು ಎದ್ದಿತು, ಮದ್ದು ಒಗ್ಗಲಿಲ್ಲ ಎಂದೇ ಅರ್ಥ. ಬೇರೆ ಮದ್ದಿನ ವಿಷಯದಲ್ಲಾದರೆ ಈ ಗೊಂದಲವನ್ನು ಸಹಿಸಬಹುದಿತ್ತು, ಆದರೆ ಇಮ್ಯುನೊಥೆರಪಿಯಲ್ಲಿ ಒಳಿತೂ ಕೆಡುಕೂ ಒಂದೇ ಬೇರಿನಿಂದ ಹುಟ್ಟುತ್ತವೆ. ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳಾದ ನಮ್ಮ ಟಿ ಕಣಗಳಿಗೆ ಸಿಟಿಎಲ್‌ಎ-4, ಪಿಡಿ-1 ಎಂಬ ತಡೆಗಳಿವೆ. ಆ ತಡೆಗಳನ್ನು ತೆಗೆದು ಕ್ಯಾನ್ಸರಿನ ಮೇಲೆ ಟಿ ಕಣಗಳನ್ನು ಹರಿಯಬಿಡುವ ದಾರಿಯನ್ನು ಕಂಡುಕೊಂಡದ್ದಕ್ಕೇ ಜೇಮ್ಸ್ ಆ್ಯಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಸಂದಿತು. ಹಾಗೆ ತಡೆ ಕಳಚಿದ ಕಣಗಳೇ ಕೆಲವೊಮ್ಮೆ ರೋಗಿಯ ದೊಡ್ಡಕರುಳಿನ ಮೇಲೂ ಎರಗಿ ತೀವ್ರ ಭೇದಿಯನ್ನು ತರುತ್ತವೆ. ಗಡ್ಡೆ ಕುಗ್ಗಿದ್ದನ್ನೂ ಕರುಳು ಉರಿದದ್ದನ್ನೂ ‘ಪ್ರತಿಕ್ರಿಯೆ’ ಎಂದೇ ಬರೆದರೆ, ಭೇದಿ ಶುರುವಾದಾಗ ಮದ್ದು ಕೆಲಸ ಮಾಡುತ್ತಿದೆಯೆಂದು ಯಾರಾದರೂ ಸುಮ್ಮನಿದ್ದುಬಿಟ್ಟಾರು. ಇದು ಜೀವದ ಪ್ರಶ್ನೆ.

‘ಸ್ಪಂದನ’ಕ್ಕೆ ಈ ದೋಷವಿಲ್ಲ. ಆದರೂ ಘಟ್ಟದ ಮೇಲೆ ನಾವು ಆಡುವ ಮಾತು ‘ಮದ್ದು ನಾಟಿತು’, ‘ಯಾವ ಮದ್ದೂ ನಾಟಲಿಲ್ಲ’ ಎಂದಲ್ಲವೇ? ವಿಷಯಕ್ಕೂ ಇದೇ ಹೆಚ್ಚು ಒಪ್ಪುತ್ತದೆಂದು ತೋರುತ್ತದೆ. ‘ರೋಗಿ ಸ್ಪಂದಿಸಲಿಲ್ಲ’ ಎಂದಾಗ ಕೊರತೆ ರೋಗಿಯದೇ ಎಂಬ ಧ್ವನಿ ಬರುತ್ತದೆ, ‘ಮದ್ದು ನಾಟಲಿಲ್ಲ’ ಎಂದಾಗ ಬರುವುದಿಲ್ಲ. ಒಂದೇ ಮದ್ದು ಒಬ್ಬರಿಗೆ ನಾಟಿ ಇನ್ನೊಬ್ಬರಿಗೆ ನಾಟದಿರುವುದಕ್ಕೆ ಕರುಳಿನ ಸೂಕ್ಷ್ಮಜೀವಿಗಳೂ ಒಂದು ಕಾರಣವಿರಬಹುದು. ಚಿಕಿತ್ಸೆಯ ಆರಂಭದ ಆಸುಪಾಸಿನಲ್ಲಿ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದ ಶ್ವಾಸಕೋಶ, ಮೂತ್ರಪಿಂಡದ ಕ್ಯಾನ್ಸರ್ ರೋಗಿಗಳಲ್ಲಿ ಪಿಡಿ-1 ತಡೆಯನ್ನು ತೆಗೆಯುವ ಮದ್ದು ಅಷ್ಟಾಗಿ ನಾಟಿರಲಿಲ್ಲವೆಂದೂ, ನಾಟಿದವರ ಮಲದಲ್ಲಿ ಅಕರ್ಮಾನ್ಸಿಯಾ ಮ್ಯುಸಿನಿಫಿಲಾ ಎಂಬ ಬ್ಯಾಕ್ಟೀರಿಯಾ ಹೆಚ್ಚಾಗಿ ಕಂಡಿತೆಂದೂ ಪ್ಯಾರಿಸ್ಸಿನ ಸಂಶೋಧಕರು 2018ರಲ್ಲಿ ಪ್ರಕಟಿಸಿದರು. ಮದ್ದು ನಾಟದಿದ್ದ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ರೋಗಿಗಳಿಗೆ, ನಾಟಿದವರ ಮಲದಿಂದ ಪಡೆದ ಸೂಕ್ಷ್ಮಜೀವಿಗಳನ್ನು ಅದೇ ಬಗೆಯ ಮದ್ದಿನೊಡನೆ ಕೊಟ್ಟು ನೋಡಿದ ಪಿಟ್ಸ್‌ಬರ್ಗ್ ತಂಡ, 15 ಮಂದಿಯಲ್ಲಿ 6 ಮಂದಿಗೆ ಪ್ರಯೋಜನವಾಯಿತೆಂದು 2021ರಲ್ಲಿ ವರದಿ ಮಾಡಿತು. ಆದ್ದರಿಂದ ಮಜ್ಜಿಗೆ, ತಂಬುಳಿ ಸಾಕೆಂದೋ, ವೈದ್ಯರು ಬರೆದ ಆ್ಯಂಟಿಬಯೋಟಿಕ್ ಬಿಡಬೇಕೆಂದೋ ಅರ್ಥವಲ್ಲ; ಅಂಗಡಿಯಿಂದ ತಾವಾಗಿ ಕೊಂಡು ನುಂಗುವುದನ್ನು ಬಿಡಬೇಕೆಂದು ಮಾತ್ರ ಹೊತ್ತಗೆಯಲ್ಲಿ ಒತ್ತಿ ಬರೆದಿದ್ದೇನೆ.

ಈ ಜೀವಿಗಳನ್ನು ‘ಕ್ರಿಮಿ’ ಎನ್ನುವುದಂತೂ ಬೇಡ, ಕೊಲ್ಲಬೇಕಾದದ್ದೆಂಬ ಭಾವನೆ ಆ ಪದಕ್ಕೆ ಅಂಟಿಕೊಂಡಿದೆ.

ಈಗ ನನ್ನ ಪ್ರಶ್ನೆ. ಕಾರವಾರ, ಅಂಕೋಲೆ, ಕುಮಟೆಯ ಕಡೆಯ ಮಾತಿನಲ್ಲಿ ಮದ್ದು ‘ನಾಟು’ವುದುಂಟೇ, ಅಥವಾ ‘ತಾಗು’, ‘ಹಿಡಿ’ ಎಂಬ ಬಳಕೆಯೇ ಹೆಚ್ಚೇ? ‘ಮದ್ದು ನಾಟಿದವರು’, ‘ನಾಟದವರು’ ಎಂದು ರೋಗಿಗಳನ್ನು ವಿಂಗಡಿಸಿ ಬರೆದರೆ ಕರಾವಳಿಯ ಓದುಗರಿಗೆ ಅರ್ಥ ತಟ್ಟನೆ ಹೊಳೆದೀತೇ? ಬಲ್ಲವರು ಬಳಕೆಯ ವಾಕ್ಯಗಳೊಡನೆ ತಿಳಿಸಬೇಕಾಗಿ ವಿನಂತಿ.